ನಿರೀಕ್ಷಿಸಿದ ಉತ್ತರವೂ ಅಳೆದ ಉತ್ತರವೂ

ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಒಂದು ಬಗೆಯ ವಾಕ್ಯ ಪದೇ ಪದೇ ಕಾಣಸಿಗುತ್ತದೆ. ಇಂಥ ವಿಜ್ಞಾನಿಗಳು ಇಂಥ ವರ್ಷದಲ್ಲಿ ಪ್ರಯೋಗ ನಡೆಸಿ ಇಂಥ ಸಿದ್ಧಾಂತವನ್ನು ಸಮರ್ಥಿಸಿದರು ಎಂಬುದು ಆ ವಾಕ್ಯ. ವಿದ್ಯಾರ್ಥಿ ಅದನ್ನು ಓದುತ್ತಾನೆ, ಅಡಿಗೆರೆ ಎಳೆಯುತ್ತಾನೆ, ಪರೀಕ್ಷೆಯಲ್ಲಿ ಬರೆಯುತ್ತಾನೆ. ಅಲ್ಲಿಗೆ ಆ ಪ್ರಯೋಗದ ಆಯುಸ್ಸು ತೀರಿತು. ಗುರುತ್ವಾಕರ್ಷಣೆಯು ಕಿರಣಗಳ ಕಂಪನಾಂಕವನ್ನು ಬದಲಿಸುತ್ತದೆಂಬುದನ್ನು ೧೯೬೦ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಳೆದು ತೋರಿಸಿದ ರಾಬರ್ಟ್ ಪೌಂಡ್ ಮತ್ತು ಗ್ಲೆನ್ ರೆಬ್ಕಾ ಅವರ ಪ್ರಯೋಗಕ್ಕೂ ಇದೇ ಗತಿಯಾಗಿದೆ. ಐನ್‌ಸ್ಟೈನರು ಹೇಳಿದುದು ನಿಜವಾಯಿತು ಎಂಬ ಒಂದು ಸಾಲಿನಲ್ಲಿ ಅದನ್ನು ಮುಗಿಸಿಬಿಡುವುದು ರೂಢಿ. ಆ ಸಾಲು ಸುಳ್ಳಲ್ಲ. ಆದರೆ ಆ ಪ್ರಯೋಗದಿಂದ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದುದರಲ್ಲಿ ಅತ್ಯಂತ ಬೆಲೆಯುಳ್ಳ ಭಾಗವು ಆ ಸಾಲಿನ ಹೊರಗೇ ಉಳಿದುಹೋಗುತ್ತದೆಂಬುದು ನಮ್ಮ ಅಭಿಪ್ರಾಯ. ನಿರೀಕ್ಷಿಸಿದ ಉತ್ತರ ಬಂದಿತೆಂಬ ಕಾರಣದಿಂದಲೇ ಒಂದು ಅಳತೆ ಸರಿಯಾದ ಅಳತೆಯಾಗುವುದಿಲ್ಲ. ಈ ಮಾತನ್ನು ಬೇರಾವ ಪ್ರಯೋಗದ ಚರಿತ್ರೆಯೂ ಇಷ್ಟು ಚೆನ್ನಾಗಿ ತಿಳಿಸಲಾರದು.

ಮೊದಲು ವಿಷಯವೇನೆಂಬುದನ್ನು ನೋಡೋಣ. ಮೇಲಕ್ಕೆ ಎಸೆದ ಕಲ್ಲು ಏರಿದಂತೆಲ್ಲ ವೇಗವನ್ನು ಕಳೆದುಕೊಳ್ಳುತ್ತದೆ. ಬೆಳಕನ್ನು ಮೇಲಕ್ಕೆ ಕಳುಹಿಸಿದರೆ ಏನಾದೀತು? ಅದು ಕಲ್ಲಿನಂತೆ ನಿಧಾನವಾಗುವುದಿಲ್ಲ. ಬದಲಾಗಿ ಅದರ ಕಂಪನಾಂಕ, ಎಂದರೆ ಸೆಕೆಂಡಿಗೆ ಎಷ್ಟು ಕಂಪನಗಳೆಂಬ ಸಂಖ್ಯೆ, ತುಸು ತಗ್ಗುತ್ತದೆ. ಕಣ್ಣಿಗೆ ಕಾಣುವ ಬೆಳಕಾದರೆ ಅದರ ಬಣ್ಣ ರೋಹಿತದ ಕೆಂಪು ತುದಿಯ ಕಡೆಗೆ ಕೂದಲೆಳೆಯಷ್ಟು ಸರಿಯುತ್ತದೆ. ಆದುದರಿಂದಲೇ ಇದಕ್ಕೆ ಕೆಂಪು ಪಲ್ಲಟವೆಂಬ ಹೆಸರು. ಮೇಲಿನಿಂದ ಕೆಳಕ್ಕೆ ಬರುವ ಬೆಳಕಿನಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಐನ್‌ಸ್ಟೈನರು ೧೯೦೭ರಲ್ಲಿಯೇ, ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತವು ಪೂರ್ಣರೂಪವನ್ನು ತಾಳುವುದಕ್ಕೆ ಎಂಟು ವರ್ಷಗಳ ಮೊದಲೇ, ಈ ನಿರ್ಣಯಕ್ಕೆ ಬಂದರು. ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಕೆಳಗಿರುವ ಗಡಿಯಾರ ಮೇಲಿರುವ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆ. ಇವು ಎರಡು ಬೇರೆ ಬೇರೆ ಪರಿಣಾಮಗಳಲ್ಲ, ಒಂದೇ ಸಂಗತಿಯ ಎರಡು ಹೇಳಿಕೆಗಳು. ಎರಡನ್ನೂ ಕೂಡಿಸಿ ಇಮ್ಮಡಿ ಮಾಡಬಾರದು.

ಇದರ ಪ್ರಮಾಣವನ್ನು ಕಂಡುಹಿಡಿಯಲು ಹೆಚ್ಚಿನ ಗಣಿತವೇನೂ ಬೇಡ. ಗುರುತ್ವದ ವೇಗೋತ್ಕರ್ಷವನ್ನು ಎತ್ತರದಿಂದ ಗುಣಿಸಿ, ಬಂದುದನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಮುಗಿಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಲೆಕ್ಕ ಹಾಕಿ ನೋಡಿದರೆ, ಮಂಗಳೂರಿನ ಕಡಲತೀರದ ಗಡಿಯಾರಕ್ಕಿಂತ ಬೆಂಗಳೂರಿನ ಗಡಿಯಾರವು ವರ್ಷಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರು ಪಾಲಿನಷ್ಟು ಮುಂದೆ ಹೋಗುತ್ತದೆಂದು ತಿಳಿಯುತ್ತದೆ. ಹಾರ್ವರ್ಡಿನ ಗೋಪುರದಲ್ಲಿ ದೊರೆತ ಎತ್ತರವಾದರೋ ಬರಿಯ ೨೨.೫ ಮೀಟರ್. ಅಷ್ಟು ಎತ್ತರಕ್ಕೆ ಆಗುವ ವ್ಯತ್ಯಾಸ ನಾಲ್ಕು ಕೋಟಿ ಕೋಟಿಯಲ್ಲಿ ಒಂದು ಪಾಲು. ಗೋಪುರದ ಬುಡದಲ್ಲೊಂದು, ತುದಿಯಲ್ಲೊಂದು ಗಡಿಯಾರವಿಟ್ಟರೆ ಅವುಗಳ ನಡುವೆ ಒಂದು ಸೆಕೆಂಡಿನ ಅಂತರ ಬೀಳಲು ಸುಮಾರು ಒಂದು ಕೋಟಿ ಮೂವತ್ತು ಲಕ್ಷ ವರ್ಷಗಳು ಬೇಕು.

ಇಷ್ಟು ಸಣ್ಣದನ್ನು ಅಳೆಯಲಾಗದೆಂದು ತಿಳಿದ ಜನ ಮೊದಲು ಆಕಾಶದ ಕಡೆಗೆ ತಿರುಗಿದುದು ಸಹಜವೇ. ಸೂರ್ಯನ ಗುರುತ್ವ ದೊಡ್ಡದು. ಅಲ್ಲಿಂದ ಹೊರಟ ಬೆಳಕು ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ಪಲ್ಲಟವಾಗಬೇಕು. ಈ ಶೋಧನೆಯಲ್ಲಿ ದಕ್ಷಿಣ ಭಾರತಕ್ಕೂ ಒಂದು ಪಾಲಿದೆ. ಕೊಡೈಕೆನಾಲಿನ ವೇಧಶಾಲೆಯಲ್ಲಿ, ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆಡಳಿತದಲ್ಲಿರುವ ಆ ವೇಧಶಾಲೆಯಲ್ಲಿಯೇ, ಜಾನ್ ಎವರ್‌ಷೆಡ್ ಅವರು ೧೯೧೦ರ ಮುಂದಿನ ವರ್ಷಗಳಲ್ಲಿ ಸೂರ್ಯರೋಹಿತದ ಗೆರೆಗಳ ಸ್ಥಾನವನ್ನು ಬಹು ಶ್ರದ್ಧೆಯಿಂದ ಅಳೆದರು. ಗೆರೆಗಳು ಸರಿದಿದ್ದುದೇನೋ ನಿಜ. ಆದರೆ ಎಲ್ಲ ಗೆರೆಗಳೂ ಒಂದೇ ಪ್ರಮಾಣದಲ್ಲಿ ಸರಿದಿರಲಿಲ್ಲ. ಸೂರ್ಯಬಿಂಬದ ನಡುವೆ ಒಂದು ತೆರನಾದರೆ ಅಂಚಿನಲ್ಲಿ ಇನ್ನೊಂದು ತೆರ. ಸೂರ್ಯನ ಮೇಲ್ಮೈ ಕುದಿಯುವ ಹಂಡೆಯಂತಿದ್ದು ಅಲ್ಲಿಯ ಅನಿಲಗಳು ಏರುತ್ತಲೂ ಇಳಿಯುತ್ತಲೂ ಇರುವುದರಿಂದ, ಆ ಚಲನೆಯೂ ಗೆರೆಗಳನ್ನು ಅತ್ತಿತ್ತ ಸರಿಸುತ್ತದೆ. ಅದರಲ್ಲಿ ಗುರುತ್ವದ ಪಾಲೆಷ್ಟು, ಅನಿಲದ ಪಾಲೆಷ್ಟು ಎಂದು ಬೇರ್ಪಡಿಸುವುದೇ ಕಷ್ಟ. ಅಮೆರಿಕದ ಮೌಂಟ್ ವಿಲ್ಸನ್ ವೇಧಶಾಲೆಯ ಚಾರ್ಲ್ಸ್ ಸೇಂಟ್ ಜಾನ್ ಅವರು ೧೯೧೭ರಲ್ಲಿ ಐನ್‌ಸ್ಟೈನರು ಹೇಳಿದ ಪಲ್ಲಟ ಕಾಣುವುದಿಲ್ಲವೆಂದು ಪ್ರಕಟಿಸಿದರು. ೧೯೧೯ರ ಗ್ರಹಣದಿಂದ ಐನ್‌ಸ್ಟೈನರ ಕೀರ್ತಿ ಜಗತ್ತಿಗೆಲ್ಲ ಹರಡಿತು. ೧೯೨೩ರಲ್ಲಿ ಅದೇ ಸೇಂಟ್ ಜಾನ್ ಅವರು ಪಲ್ಲಟವಿದೆಯೆಂದು ಒಪ್ಪಿದರು. ಸೂರ್ಯ ಆ ಆರು ವರ್ಷಗಳಲ್ಲಿ ಬದಲಾಗಿರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ಉದಾಹರಣೆ ಲುಬ್ಧಕ ನಕ್ಷತ್ರದ ಸಂಗಾತಿಯದು. ರಾತ್ರಿಯ ಆಕಾಶದಲ್ಲಿ ಎಲ್ಲಕ್ಕಿಂತ ಪ್ರಕಾಶಮಾನವಾದ ಲುಬ್ಧಕದ ಪಕ್ಕದಲ್ಲಿ ಒಂದು ಮಂದವಾದ ಶ್ವೇತಕುಬ್ಜ ನಕ್ಷತ್ರವಿದೆ. ಗಾತ್ರದಲ್ಲಿ ಚಿಕ್ಕದು, ತೂಕದಲ್ಲಿ ಸೂರ್ಯನಷ್ಟು. ಅಂಥ ಒತ್ತಾದ ನಕ್ಷತ್ರದಿಂದ ಬರುವ ಬೆಳಕಿನಲ್ಲಿ ಕೆಂಪು ಪಲ್ಲಟ ದೊಡ್ಡದಾಗಿರಬೇಕು. ಆರ್ಥರ್ ಎಡಿಂಗ್ಟನ್ ಅವರು ಅಂದಿನ ತಿಳಿವಳಿಕೆಯಂತೆ ಅದನ್ನು ಲೆಕ್ಕ ಮಾಡಿದರು. ವೇಗದ ಲೆಕ್ಕದಲ್ಲಿ ಹೇಳಿದರೆ ಸೆಕೆಂಡಿಗೆ ಸುಮಾರು ೨೦ ಕಿಲೋಮೀಟರಿಗೆ ಸಮನಾದ ಪಲ್ಲಟ ಬರಬೇಕಾಗಿತ್ತು. ವಾಲ್ಟರ್ ಆಡಮ್ಸ್ ಅವರು ೧೯೨೫ರಲ್ಲಿ ಮೌಂಟ್ ವಿಲ್ಸನ್ನಿನ ದೊಡ್ಡ ದೂರದರ್ಶಕದಿಂದ ಅಳೆದಾಗ ಸರಿಸುಮಾರು ಅಷ್ಟೇ ಬಂದಿತು. ಸಿದ್ಧಾಂತಕ್ಕೆ ಮತ್ತೊಂದು ಜಯವೆಂದು ಎಲ್ಲರೂ ಸಂತೋಷಪಟ್ಟರು; ಎಷ್ಟೋ ವರ್ಷ ಪುಸ್ತಕಗಳೂ ಹಾಗೆಯೇ ಬರೆದುಕೊಂಡು ಬಂದುವು. ೧೯೭೧ರಲ್ಲಿ ಗ್ರೀನ್‌ಸ್ಟೈನ್, ಓಕ್ ಮತ್ತು ಷಿಪ್‌ಮನ್ ಅವರು ಹೊಸದಾಗಿ ಅಳೆದು ಸೆಕೆಂಡಿಗೆ ೮೯ ಕಿಲೋಮೀಟರ್ ಎಂದು ಕಂಡರು. ೨೦೦೫ರಲ್ಲಿ ಹಬಲ್ ದೂರದರ್ಶಕದ ನೆರವಿನಿಂದ ದೊರೆತ ಬೆಲೆ ಸುಮಾರು ೮೦. ಮೊದಲಿನ ಅಳತೆ ನಾಲ್ಕು ಪಟ್ಟು ತಪ್ಪಾಗಿತ್ತು. ಮೊದಲಿನ ಲೆಕ್ಕವೂ ನಾಲ್ಕು ಪಟ್ಟು ತಪ್ಪಾಗಿತ್ತು. ಎರಡು ತಪ್ಪುಗಳು ಒಂದಕ್ಕೊಂದು ಹೊಂದಿಕೊಂಡಿದ್ದುವು! ಲುಬ್ಧಕವು ಈ ಸಂಗಾತಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಪ್ರಕಾಶವುಳ್ಳದ್ದು. ಅದರ ಚದುರಿದ ಬೆಳಕು ಆಡಮ್ಸ್ ಅವರ ಫಲಕಗಳಲ್ಲಿ ಬೆರೆತುಹೋಗಿತ್ತು. ಆಡಮ್ಸ್ ಅವರು ಮೋಸ ಮಾಡಿದರೆಂದು ನಾವು ಹೇಳುತ್ತಿಲ್ಲ. ಅವರು ಒಳ್ಳೆಯ ವೀಕ್ಷಕರೆಂದು ಹೆಸರಾದವರು. ಆದರೆ ಬರಬೇಕಾದ ಸಂಖ್ಯೆ ಬಂದುಬಿಟ್ಟಾಗ ಮತ್ತೆ ಯಾರೂ ಕೆದಕಿ ನೋಡುವುದಿಲ್ಲವೆಂಬುದು ಮನುಷ್ಯಸ್ವಭಾವ. ಸಂಖ್ಯೆ ೫ ಎಂದೋ ೨೦೦ ಎಂದೋ ಬಂದಿದ್ದರೆ ಅದರ ಕಾರಣವನ್ನು ಮರುದಿನವೇ ಹುಡುಕುತ್ತಿದ್ದರು.

ಇನ್ನು ಗೋಪುರದ ಕಡೆಗೆ ಬರೋಣ. ಅಷ್ಟು ಸೂಕ್ಷ್ಮವಾದ ಗಡಿಯಾರವನ್ನು ಒದಗಿಸಿಕೊಟ್ಟುದು ಜರ್ಮನಿಯ ರುಡಾಲ್ಫ್ ಮಾಸ್‌ಬೌವರ್ ಅವರು ೧೯೫೮ರಲ್ಲಿ ಪ್ರಕಟಿಸಿದ ಶೋಧನೆ. ಹರಿಗೋಲಿನಿಂದ ದಡಕ್ಕೆ ನೆಗೆದರೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ; ನೆಗೆದವನ ಬಲದಲ್ಲಿ ಸ್ವಲ್ಪ ಭಾಗ ಅದಕ್ಕೇ ಹೋಗುತ್ತದೆ. ಪರಮಾಣುಬೀಜವು ಗ್ಯಾಮಾ ಕಿರಣವನ್ನು ಹೊರಸೂಸುವಾಗಲೂ ಹೀಗೆಯೇ ಹಿಂದೆ ಸರಿದು ಕಿರಣದ ಶಕ್ತಿಯಲ್ಲಿ ಒಂದಿಷ್ಟನ್ನು ತಾನು ಇಟ್ಟುಕೊಳ್ಳುತ್ತದೆ. ಆದುದರಿಂದ ಆ ಕಿರಣವನ್ನು ಅದೇ ಜಾತಿಯ ಇನ್ನೊಂದು ಬೀಜವು ಗುರುತಿಸಿ ಹೀರಿಕೊಳ್ಳಲಾರದು. ಆದರೆ ಬೀಜವು ಗಟ್ಟಿಯಾದ ಸ್ಫಟಿಕದಲ್ಲಿ ಬಿಗಿಯಾಗಿ ಕುಳಿತಿದ್ದರೆ, ಅನೇಕ ವೇಳೆ ಒದೆತವನ್ನು ಇಡೀ ಸ್ಫಟಿಕವೇ ತಾಳಿಕೊಳ್ಳುತ್ತದೆ. ಹರಿಗೋಲಿನ ಬದಲು ಹಡಗಿನಿಂದ ನೆಗೆದಂತೆ, ಹಿಂಸರಿತ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಆಗ ಹೊರಬರುವ ಕಿರಣದ ಕಂಪನಾಂಕ ಅದ್ಭುತವಾದ ನಿಖರತೆಯುಳ್ಳದ್ದು. ಈ ಶೋಧನೆಗಾಗಿ ಮಾಸ್‌ಬೌವರ್ ಅವರಿಗೆ ೧೯೬೧ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು.

ಪೌಂಡ್ ಅವರೂ ಅವರ ಶಿಷ್ಯ ರೆಬ್ಕಾ ಅವರೂ ಕಬ್ಬಿಣವನ್ನು ಆರಿಸಿಕೊಂಡರು. ತೂಕ ೫೭ ಆಗಿರುವ ಕಬ್ಬಿಣದ ಬೀಜವು ಸೆಕೆಂಡಿಗೆ ಸುಮಾರು ೩೫,೦೦೦ ಕೋಟಿ ಕೋಟಿ ಸಲ ಕಂಪಿಸುವ ಗ್ಯಾಮಾ ಕಿರಣವನ್ನು ಸೂಸುತ್ತದೆ. ಇದರಲ್ಲಿ ಗುರುತ್ವದಿಂದ ಆಗಬೇಕಾದ ಬದಲಾವಣೆ ಎಂಟೂವರೆ ಸಾವಿರ ಕಂಪನಗಳು ಮಾತ್ರ. ಹಾರ್ವರ್ಡಿನ ಜೆಫರ್‌ಸನ್ ಭೌತಶಾಸ್ತ್ರ ಪ್ರಯೋಗಶಾಲೆಯ ಗೋಪುರದಲ್ಲಿ ಒಂದು ತುದಿಗೆ ಕಿರಣದ ಮೂಲವನ್ನು, ಇನ್ನೊಂದು ತುದಿಗೆ ಕಬ್ಬಿಣದ ತೆಳುವಾದ ತಗಡನ್ನೂ ಅದರ ಹಿಂದೆ ಕಿರಣಗಳನ್ನು ಎಣಿಸುವ ಯಂತ್ರವನ್ನೂ ಇಟ್ಟರು. ನಡುವಿನ ಗಾಳಿ ಕಿರಣಗಳನ್ನು ನುಂಗದಂತೆ ಉದ್ದನೆಯ ಚೀಲವೊಂದರಲ್ಲಿ ಹೀಲಿಯಂ ತುಂಬಿಸಿದರು. ಕಿರಣದ ಕಂಪನಾಂಕ ತಗಡಿಗೆ ಒಪ್ಪಿದರೆ ತಗಡು ಅದನ್ನು ಹೀರುತ್ತದೆ, ಎಣಿಕೆ ಇಳಿಯುತ್ತದೆ. ಒಪ್ಪದಿದ್ದರೆ ಕಿರಣ ದಾಟಿ ಹೋಗುತ್ತದೆ, ಎಣಿಕೆ ಏರುತ್ತದೆ. ಮೂಲವನ್ನು ನಿಧಾನವಾಗಿ ಚಲಿಸುವಂತೆ ಮಾಡಿ, ಎಷ್ಟು ವೇಗದಲ್ಲಿ ಗುರುತ್ವದ ಪಲ್ಲಟಕ್ಕೆ ಪರಿಹಾರವಾಗುತ್ತದೆಂದು ಕಾಣುವುದೇ ಉಪಾಯ. ಆ ವೇಗವೆಷ್ಟೆಂದು ಬಲ್ಲಿರಾ? ಗಂಟೆಗೆ ಎರಡೂವರೆ ಮಿಲಿಮೀಟರಿಗಿಂತ ಕೊಂಚ ಹೆಚ್ಚು. ಬಸವನಹುಳುವಿನ ನಡಿಗೆಯೂ ಇದರ ಮುಂದೆ ಓಟವೆನಿಸೀತು. ಅಷ್ಟು ನಿಖರವಾದ ಕಿರಣವೂ ಕೂಡ ಈ ಕೆಲಸಕ್ಕೆ ದಪ್ಪನೆಯ ಲೇಖನಿಯೇ. ಕಂಡುಹಿಡಿಯಬೇಕಾದ ಪಲ್ಲಟವು ಹೀರಿಕೆಯ ಗೆರೆಯ ಅಗಲದಲ್ಲಿ ನಾನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿತ್ತು. ಆದುದರಿಂದ ಗೆರೆಯ ನಡುವನ್ನು ನೋಡದೆ, ಮೂಲವನ್ನು ಹಿಂದಕ್ಕೂ ಮುಂದಕ್ಕೂ ಕಂಪಿಸುವಂತೆ ಮಾಡಿ, ಗೆರೆಯ ಎರಡು ಇಳಿಜಾರುಗಳಲ್ಲಿ ಬಂದ ಎಣಿಕೆಗಳನ್ನು ಹೋಲಿಸಿದರು.

ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಬಿಟ್ಟುಹೋಗುವ ಭಾಗ ಇಲ್ಲಿಂದ ಮುಂದಿನದು. ಉಪಕರಣವನ್ನು ಅಣಿಮಾಡಿ ಅಳೆದಾಗ ಅವರಿಗೆ ಕಂಡ ಪಲ್ಲಟ ನಿರೀಕ್ಷೆಯ ಹಲವು ಪಟ್ಟು ಇತ್ತು. ಮೂಲವನ್ನು ತಯಾರಿಸಿದ ಬಗೆಯೂ ತಗಡನ್ನು ತಯಾರಿಸಿದ ಬಗೆಯೂ ಒಂದೇ ಆಗಿರಲಿಲ್ಲವಾದುದರಿಂದ, ಎರಡರ ಕಬ್ಬಿಣವೂ ಸ್ವಭಾವತಃ ತುಸು ಬೇರೆ ಬೇರೆ ಕಂಪನಾಂಕಗಳನ್ನು ಪಡೆದಿತ್ತು. ಗುರುತ್ವಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ತೊಡೆದುಹಾಕಲು ಅವರು ಹೂಡಿದ ತಂತ್ರ ಅತ್ಯಂತ ಸರಳವಾದದ್ದು. ಮೂಲವನ್ನು ಕೆಳಗಿಟ್ಟು ಒಮ್ಮೆ ಅಳೆದರು; ಮೂಲವನ್ನೂ ತಗಡನ್ನೂ ಅದಲುಬದಲು ಮಾಡಿ, ಮೂಲವನ್ನು ಮೇಲಿಟ್ಟು ಮತ್ತೊಮ್ಮೆ ಅಳೆದರು. ಅವೆರಡರ ಸ್ವಭಾವದ ಭೇದ ಎರಡು ಸಲವೂ ಒಂದೇ ಕಡೆಗೆ ವಾಲುತ್ತದೆ. ಗುರುತ್ವದ ಪಾಲು ಮಾತ್ರ ದಿಕ್ಕು ಬದಲಾಯಿಸುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಬೇಡವಾದುದು ಅಳಿದುಹೋಗಿ ಬೇಕಾದುದು ಇಮ್ಮಡಿಯಾಗಿ ಉಳಿಯುತ್ತದೆ. ಒಂದೇ ದಿಕ್ಕಿನ ಅಳತೆಗೆ ತೃಪ್ತರಾಗಿದ್ದರೆ ಅವರ ಕೈಗೆ ಸಿಗುತ್ತಿದ್ದ ಸಂಖ್ಯೆಗೆ ಅರ್ಥವೇ ಇರುತ್ತಿರಲಿಲ್ಲ.

ಎರಡನೆಯ ತೊಡಕು ಉಷ್ಣತೆಯದು. ಕಬ್ಬಿಣದಲ್ಲಿಯ ಬೀಜಗಳು ಸುಮ್ಮನೆ ಕುಳಿತಿರುವುದಿಲ್ಲ. ಶಾಖದಿಂದ ಸದಾ ನಡುಗುತ್ತಿರುತ್ತವೆ. ಚಲಿಸುವ ಗಡಿಯಾರ ನಿಧಾನವಾಗುತ್ತದೆಂಬುದು ಸಾಪೇಕ್ಷತೆಯ ಇನ್ನೊಂದು ನಿಯಮ. ಹೆಚ್ಚು ಬಿಸಿಯಾದ ಕಬ್ಬಿಣದಲ್ಲಿ ನಡುಕ ಹೆಚ್ಚು, ಆದುದರಿಂದ ಅದರ ಕಂಪನಾಂಕ ಕಡಿಮೆ. ಎಷ್ಟು ಕಡಿಮೆ? ಮೂಲಕ್ಕೂ ತಗಡಿಗೂ ಒಂದು ಡಿಗ್ರಿಯ ಅಂತರವಿದ್ದರೆ ಹತ್ತು ಕೋಟಿ ಕೋಟಿಯಲ್ಲಿ ೨.೨ ಪಾಲು. ಗುರುತ್ವದಿಂದ ಒಂದು ದಿಕ್ಕಿನಲ್ಲಿ ಬರಬೇಕಾದುದು ಅಷ್ಟರಲ್ಲಿ ೨.೪೬ ಪಾಲು! ಬೇಸಗೆಯಲ್ಲಿ ಮನೆಯ ಅಟ್ಟವೂ ನೆಲವೂ ಒಂದೇ ತಂಪಿನಲ್ಲಿರುವುದಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಗೋಪುರದ ಬುಡಕ್ಕೂ ತುದಿಗೂ ಒಂದೇ ಡಿಗ್ರಿಯ ಭೇದವಿದ್ದರೂ, ಗುರುತ್ವವೆಂದು ಅಳೆದುದು ನಿಜವಾಗಿ ಹವೆಯ ಬಿಸುಪಾಗಿರಬಹುದು. ಇದನ್ನು ಹಾರ್ವರ್ಡಿನವರು ತಮ್ಮ ಪ್ರಯೋಗದಲ್ಲಿಯೇ ಕಂಡುಕೊಂಡರು. ಉಷ್ಣತೆಯ ಭೇದವನ್ನು ಸತತವಾಗಿ ಅಳೆದು ಅದಕ್ಕೆ ತಕ್ಕ ತಿದ್ದುಪಡಿ ಮಾಡಿದರು. ಅವರಿಗಿಂತ ಸ್ವತಂತ್ರವಾಗಿ ಇದೇ ಮಾತನ್ನು ಎತ್ತಿ ಹೇಳಿದವನು ಕೇಂಬ್ರಿಜ್ಜಿನಲ್ಲಿ ಇನ್ನೂ ಪದವಿ ತರಗತಿಯಲ್ಲಿ ಓದುತ್ತಿದ್ದ ಇಪ್ಪತ್ತು ವರ್ಷದ ಒಬ್ಬ ವಿದ್ಯಾರ್ಥಿ. ಆತನ ಹೆಸರು ಬ್ರಿಯಾನ್ ಜೋಸೆಫ್‌ಸನ್. ಮುಂದೆ ೧೯೭೩ರಲ್ಲಿ ಬೇರೊಂದು ಶೋಧನೆಗಾಗಿ ನೊಬೆಲ್ ಬಹುಮಾನವನ್ನು ಪಡೆದವರು ಅವರೇ. ಇಂಗ್ಲೆಂಡಿನ ಹಾರ್ವೆಲ್ ಸಂಶೋಧನಾಲಯದ ಒಂದು ತಂಡವು ಹಾರ್ವರ್ಡಿನವರಿಗಿಂತ ಮೊದಲೇ, ೧೯೬೦ರ ಫೆಬ್ರವರಿಯಲ್ಲಿ, ತನ್ನ ಫಲಿತಾಂಶವನ್ನು ಪ್ರಕಟಿಸಿತ್ತು. ಅವರಿಗೆ ಬಂದ ಬೆಲೆ ಸಿದ್ಧಾಂತದ ಬೆಲೆಯ ೦.೯೬ ಪಾಲು, ಅನಿಶ್ಚಿತತೆ ೦.೪೫. ನೋಡಲು ಎಷ್ಟು ಸೊಗಸಾದ ಹೊಂದಿಕೆ! ಆದರೆ ಮೂಲದ ಮತ್ತು ತಗಡಿನ ಉಷ್ಣತೆಯ ಭೇದವನ್ನು ಅಲ್ಲಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದಕ್ಕೆ ಅಷ್ಟು ಸಮೀಪವಾದ ಆ ಸಂಖ್ಯೆಯನ್ನು ನಂಬುವುದಕ್ಕೆ ಆಧಾರವಿಲ್ಲವೆಂದು ತೋರಿಸಿಕೊಟ್ಟುದು ಒಬ್ಬ ವಿದ್ಯಾರ್ಥಿಯ ಲೇಖನಿ. ಆ ಟಿಪ್ಪಣಿಯೂ ಪೌಂಡ್ ಮತ್ತು ರೆಬ್ಕಾ ಅವರ ಫಲಿತಾಂಶವೂ ೧೯೬೦ರ ಏಪ್ರಿಲ್ ೧ರ ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಚ್ಚಾದುವು. ಹಾರ್ವರ್ಡಿನ ಸಂಖ್ಯೆ, ಎರಡು ದಿಕ್ಕುಗಳ ಭೇದಕ್ಕೆ, ಹತ್ತು ಕೋಟಿ ಕೋಟಿಯಲ್ಲಿ ೫.೧೩ ಪಾಲು, ಹೆಚ್ಚುಕಡಿಮೆ ೦.೫೧. ಸಿದ್ಧಾಂತ ಹೇಳುವುದು ೪.೯೨.

ಈ ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ನೋಡಿ. ೦.೯೬ ಎಂಬ ಹಾರ್ವೆಲ್ಲಿನ ಬೆಲೆ ನಿಜವಾದ ಬೆಲೆಗೆ ಶೇಕಡಾ ನಾಲ್ಕರಷ್ಟು ಸಮೀಪ. ಹಾರ್ವರ್ಡಿನ ಬೆಲೆ ಸುಮಾರು ಶೇಕಡಾ ನಾಲ್ಕರಿಂದ ಐದರಷ್ಟು ದೂರ. ನಮ್ಮ ಪರೀಕ್ಷಕರು ಅಂಕ ಕೊಡುವ ಕ್ರಮದಲ್ಲಿ ನೋಡಿದರೆ ಹಾರ್ವೆಲ್ಲಿಗೇ ಒಂದು ಅಂಕ ಹೆಚ್ಚು ಸಿಕ್ಕಬೇಕು. ಭೌತವಿಜ್ಞಾನಿಗಳು ಹಾಗೆ ಅಂಕ ಕೊಡಲಿಲ್ಲ.

ಈ ಪ್ರಯೋಗಕ್ಕೆ ಇಷ್ಟು ಮಹತ್ವ ಕೊಡುವುದೇಕೆಂದು ಆಕ್ಷೇಪಿಸುವವರೂ ಉಂಟು. ಶಕ್ತಿಯ ನಿತ್ಯತೆಯನ್ನು ಒಪ್ಪಿದರೆ ಸಾಕು, ಈ ಪಲ್ಲಟ ತಾನಾಗಿಯೇ ಬರುತ್ತದೆ, ಅಳೆಯುವುದೇಕೆ ಎನ್ನುತ್ತಾರೆ ಕೆಲವರು. ಲೆನರ್ಡ್ ಷಿಫ್ ಅವರು ೧೯೬೦ರಲ್ಲಿಯೇ, ಇದು ಸಾರ್ವತ್ರಿಕ ಸಾಪೇಕ್ಷತೆಯ ಪೂರ್ಣ ಪರೀಕ್ಷೆಯಲ್ಲವೆಂದೂ, ಗುರುತ್ವವೂ ವೇಗೋತ್ಕರ್ಷವೂ ಸಮಾನವೆಂಬ ತತ್ತ್ವದಿಂದಲೇ ಇದು ಹೊರಡುತ್ತದೆಂದೂ ವಾದಿಸಿದರು. ಷಿಫ್ ಅವರ ಮಾತು ನ್ಯಾಯವಾದದ್ದು; ಪಠ್ಯಪುಸ್ತಕದ ಆ ಒಂದು ಸಾಲಿನ ಅತಿಶಯೋಕ್ತಿಗೆ ಅದು ತಕ್ಕ ಮದ್ದು ಕೂಡ. ಆದರೆ ಸಮಾನತೆಯ ಆ ತತ್ತ್ವವೂ ನಿಸರ್ಗದ ವಿಷಯದಲ್ಲಿ ಮಾಡಿದ ಒಂದು ಹೇಳಿಕೆಯೇ ತಾನೇ? ಕಾಗದದ ಮೇಲೆ ಸಾಧಿಸಿದ ಮಾತ್ರಕ್ಕೆ ಕಬ್ಬಿಣ ಅದನ್ನು ಪಾಲಿಸಬೇಕೆಂಬ ಕಟ್ಟಳೆಯಿಲ್ಲ.

ಆಮೇಲಿನ ಕಥೆಯನ್ನು ಬೇಗ ಹೇಳಿಬಿಡಬಹುದು. ಪೌಂಡ್ ಅವರು ಸ್ನೈಡರ್ ಅವರೊಡನೆ ಅದೇ ಗೋಪುರದಲ್ಲಿ ಪ್ರಯೋಗವನ್ನು ಬೆಳೆಸಿ, ೧೯೬೫ರ ವೇಳೆಗೆ ಅನಿಶ್ಚಿತತೆಯನ್ನು ಶೇಕಡಾ ಒಂದಕ್ಕಿಂತ ಕೆಳಗಿಳಿಸಿದರು. ೧೯೭೬ರ ಜೂನ್ ೧೮ರಂದು ಜಲಜನಕ ಮೇಸರ್ ಗಡಿಯಾರವೊಂದನ್ನು ರಾಕೆಟ್ಟಿನಲ್ಲಿ ಸುಮಾರು ೧೦,೦೦೦ ಕಿಲೋಮೀಟರ್ ಎತ್ತರಕ್ಕೆ ಹಾರಿಸಿ, ಲಕ್ಷದಲ್ಲಿ ಏಳು ಪಾಲಿನಷ್ಟು ನಿಖರವಾಗಿ ಹೊಂದಿಕೆಯನ್ನು ಕಂಡರು. ೨೦೧೪ರಲ್ಲಿ ಯೂರೋಪಿನ ಗೆಲಿಲಿಯೊ ಸಾಲಿನ ಎರಡು ಉಪಗ್ರಹಗಳು ತಪ್ಪು ಕಕ್ಷೆಗೆ ಸೇರಿದುವು. ವೃತ್ತದ ಬದಲು ದೀರ್ಘವೃತ್ತದಲ್ಲಿ ಸುತ್ತುತ್ತ ದಿನಕ್ಕೆ ಎರಡು ಸಲ ಸುಮಾರು ೮,೫೦೦ ಕಿಲೋಮೀಟರ್ ಏರಿಳಿಯುತ್ತಿದ್ದ ಆ ಉಪಗ್ರಹಗಳ ಗಡಿಯಾರಗಳನ್ನು ಗಮನಿಸಿ, ೨೦೧೮ರಲ್ಲಿ ಆ ಹೊಂದಿಕೆಯನ್ನು ಐದು ಪಟ್ಟು ಉತ್ತಮಪಡಿಸಿದರು. ಕೆಟ್ಟ ಕಕ್ಷೆಯೂ ಬುದ್ಧಿವಂತರ ಕೈಯಲ್ಲಿ ಪ್ರಯೋಗವಾಯಿತು. ೨೦೨೨ರಲ್ಲಂತೂ ಒಂದು ಮಿಲಿಮೀಟರ್ ಎತ್ತರದ ಪರಮಾಣುರಾಶಿಯ ಒಳಗೇ ಈ ವ್ಯತ್ಯಾಸವನ್ನು ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಕಂಡಿದ್ದಾರೆ. ನಮ್ಮ ದೇಶದ ನಾವಿಕ್ ಉಪಗ್ರಹಗಳು ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅವುಗಳ ವೇಗದಿಂದಾಗುವ ನಿಧಾನವನ್ನು ಕಳೆದ ಮೇಲೂ, ಅಲ್ಲಿಯ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು ೪೬ ಪಾಲು ಮುಂದೆ ಹೋಗುತ್ತವೆ. ಅಷ್ಟು ಹೊತ್ತಿನಲ್ಲಿ ಬೆಳಕು ಹದಿನಾಲ್ಕು ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ಕೇಂದ್ರದಲ್ಲಿ ಕಾಲವನ್ನು ಕಾಯುವವರಿಗೆ ಈ ಪಲ್ಲಟ ನಿತ್ಯದ ಲೆಕ್ಕದ ಮಾತು.

ಈಗ ನಮ್ಮ ಕಾಲೇಜಿನ ಪ್ರಯೋಗಶಾಲೆಗೆ ಬರೋಣ. ಸರಳ ಲೋಲಕದಿಂದ ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವನ್ನು ಮಾಡದ ವಿಜ್ಞಾನ ವಿದ್ಯಾರ್ಥಿಯಿಲ್ಲ. ಪುಸ್ತಕದಲ್ಲಿ ಅಚ್ಚಾಗಿರುವ ಬೆಲೆ ೯೮೦ ಅಥವಾ ೯೮೧ ಸೆಂಟಿಮೀಟರ್. ಬಹುತೇಕ ರೆಕಾರ್ಡ್ ಪುಸ್ತಕಗಳಲ್ಲಿ ಕಾಣುವ ಉತ್ತರವೂ ಅದೇ. ಆದರೆ ಬೆಂಗಳೂರಿನಲ್ಲಿ ನಿಜವಾದ ಬೆಲೆ ೯೭೮ರ ಆಸುಪಾಸಿನದು. ಭೂಮಧ್ಯರೇಖೆಗೆ ಸಮೀಪದಲ್ಲಿದ್ದೇವೆ, ಎತ್ತರದಲ್ಲಿಯೂ ಇದ್ದೇವೆ. ಎರಡೂ ಅದನ್ನು ತಗ್ಗಿಸುತ್ತವೆ. ಕೈಗಡಿಯಾರದಿಂದ ಅಳೆಯುವ ಲೋಲಕಕ್ಕೆ ಈ ಭೇದ ಕಾಣಿಸುವುದು ಕಷ್ಟವೆಂಬುದು ನಿಜ. ಅಂಥ ಅಳತೆಯಲ್ಲಿ ೯೭೦, ೯೮೫ ಎಂದು ಬಂದರೆ ಅಚ್ಚರಿಯಿಲ್ಲ. ಅಚ್ಚರಿಪಡಬೇಕಾದುದು ತರಗತಿಯ ನಲವತ್ತು ಮಂದಿಗೂ ೯೮೧ ಬಂದಾಗ. ಉತ್ತರದಿಂದ ಹಿಂದಕ್ಕೆ ನಡೆದು ರೀಡಿಂಗುಗಳನ್ನು ಹೊಂದಿಸಿ ಬರೆಯುವ ವಿದ್ಯೆ ಎಷ್ಟು ವ್ಯಾಪ್ತವಾಗಿದೆಯೆಂಬುದನ್ನು ಅಧ್ಯಾಪಕರೂ ಬಲ್ಲರು, ವಿದ್ಯಾರ್ಥಿಗಳೂ ಬಲ್ಲರು. ಇದಕ್ಕೆ ವಿದ್ಯಾರ್ಥಿಗಳನ್ನು ಮಾತ್ರ ಬೈಯುವುದು ನ್ಯಾಯವಲ್ಲ. ಸರಿಯಾದ ಉತ್ತರಕ್ಕೆ ಅಂಕ, ತಪ್ಪಾದ ಉತ್ತರಕ್ಕೆ ಕತ್ತರಿ ಎಂಬ ಕಟ್ಟಳೆಯನ್ನು ಮಾಡಿಟ್ಟವರು ಹಿರಿಯರು.

ಈ ಕಟ್ಟಳೆಯನ್ನು ಬದಲಿಸಬೇಕೆಂಬುದು ನಮ್ಮ ವಾದ. ಪ್ರಾಯೋಗಿಕ ಪರೀಕ್ಷೆಯಲ್ಲಿ ಉತ್ತರದ ಸಂಖ್ಯೆಗೆ ಅಂಕವೇ ಬೇಡ. ಅಳತೆಯನ್ನು ಕೆಡಿಸಬಹುದಾದ ಕಾರಣಗಳು ಯಾವುವು, ಪ್ರತಿಯೊಂದೂ ಎಷ್ಟು ಕೆಡಿಸೀತು, ಅದನ್ನು ತೊಡೆಯಲು ಏನು ಮಾಡಿದೆ ಎಂಬುದಕ್ಕೆ ಅಂಕಗಳಿರಲಿ. ಹೀಗೆ ಮಾಡಿದರೆ ಪರೀಕ್ಷಕರಿಗೆ ಕೆಲಸ ಹೆಚ್ಚಾಗುತ್ತದೆ, ನೂರಾರು ವಿದ್ಯಾರ್ಥಿಗಳಿರುವ ಕಡೆ ಇದು ನಡೆಯದು ಎಂಬ ಮಾತು ಬರುತ್ತದೆ. ಕೆಲಸ ಹೆಚ್ಚಾಗುವುದು ನಿಜ. ಆದರೆ ಇಂದು ನಡೆಯುತ್ತಿರುವುದರಲ್ಲಿ ಪರೀಕ್ಷಕರು ಪುಸ್ತಕದ ಸಂಖ್ಯೆಯನ್ನು ಪುಸ್ತಕದ ಸಂಖ್ಯೆಯೊಡನೆ ಹೋಲಿಸುತ್ತಿದ್ದಾರೆಯೇ ಹೊರತು ಬೇರೇನನ್ನೂ ಅಳೆಯುತ್ತಿಲ್ಲ.

ಇದಕ್ಕೆ ಹೊಸ ಉಪಕರಣಗಳೂ ಬೇಕಾಗಿಲ್ಲ. ಪದವಿ ತರಗತಿಯ ಪ್ರಯೋಗಶಾಲೆಗಳಲ್ಲಿ ಕೇಟರನ ಲೋಲಕವೆಂಬುದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಹೆನ್ರಿ ಕೇಟರ್ ಅವರು ತಾರುಣ್ಯದಲ್ಲಿ ಲ್ಯಾಂಬ್ಟನ್ ಅವರ ಜೊತೆಗೆ ದಕ್ಷಿಣ ಭಾರತದ ಭೂಮಾಪನದಲ್ಲಿ ದುಡಿದವರು. ಅದರ ಹಂಚಿಕೆಯೂ ಹಾರ್ವರ್ಡ್ ಗೋಪುರದ ಹಂಚಿಕೆಯ ನೆಂಟನೇ: ಲೋಲಕವನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ತೂಗಿಸಿ, ನೇರವಾಗಿ ಅಳೆಯಲಾಗದ ಅಂಶವನ್ನು ಲೆಕ್ಕದಿಂದ ಕಳೆದುಬಿಡುವುದು. ಬೆಂಗಳೂರಿನ ಒಂದು ಕಾಲೇಜೂ ಮಂಗಳೂರಿನ ಒಂದು ಕಾಲೇಜೂ ಮಾತಾಡಿಕೊಂಡು, ಒಂದೇ ಲೋಲಕವನ್ನು ಎರಡು ಊರುಗಳಲ್ಲಿಯೂ ತೂಗಿಸಿ, ಪುಸ್ತಕವನ್ನು ನೋಡದೆ ಬೆಲೆಯನ್ನು ಕಂಡುಹಿಡಿಯಲಿ. ಎತ್ತರದ ಭೇದದಿಂದ ಹತ್ತು ಸಾವಿರದಲ್ಲಿ ಮೂರು ಪಾಲಿಗಿಂತ ಹೆಚ್ಚಿನ ವ್ಯತ್ಯಾಸ ಬರಲಾರದು. ಎರಡು ಊರಿನ ಸೆಕೆ ಒಂದೇ ಅಲ್ಲ. ಲೋಲಕದ ಲೋಹದ ಸಲಾಕೆ ಕಡಲತೀರದಲ್ಲಿ ಎಷ್ಟು ಹಿಗ್ಗುತ್ತದೆಂಬುದನ್ನೂ ಲೆಕ್ಕ ಹಾಕಬೇಕಾಗುತ್ತದೆ. ಆ ಸಣ್ಣ ವ್ಯತ್ಯಾಸ ಕೈಗೆ ಸಿಕ್ಕರೆ ಸಂತೋಷ. ಸಿಕ್ಕದಿದ್ದರೆ, ಸಿಕ್ಕಲಿಲ್ಲವೆಂದೂ ಯಾವ ಕಾರಣದಿಂದ ಎಷ್ಟು ಮಸುಕಾಯಿತೆಂದೂ ರೆಕಾರ್ಡ್ ಪುಸ್ತಕದಲ್ಲಿ ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕಗಳನ್ನು ಕೊಡಬೇಕು.